ಶೈತ್ಯಾಗಾರದ ಎರಡು ಮುಳ್ಳುಗಳು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ನಿಲ್ದಾಣಗಳು ಒಂದಾದ ಮೇಲೊಂದರಂತೆ ಬರುತ್ತವೆ. ಮೊದಲನೆಯದು ಏಲಕ್ಕಿಯ ಹಾರಕ್ಕೆ, ಎರಡನೆಯದು ಮೆಣಸಿನಕಾಯಿಗೆ, ಮೂರನೆಯದು ಹತ್ತಿ ಮತ್ತು ಬಿತ್ತನೆಯ ಬೀಜಕ್ಕೆ ಹೆಸರಾದ ಊರು. ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಈ ಪಟ್ಟಣಗಳನ್ನು ನಾವು ವ್ಯಾಪಾರದ ಪೇಟೆಗಳೆಂದು ಬಲ್ಲೆವೇ ಹೊರತು ಯಂತ್ರಗಳ ಊರುಗಳೆಂದು ಎಣಿಸುವುದಿಲ್ಲ. ಆದರೆ ಹತ್ತಿಯಿಂದ ಬೀಜವನ್ನು ಬಿಡಿಸುವ ಜಿನ್ನುಗಳು, ಎಣ್ಣೆಯ ಗಿರಣಿಗಳು, ಬೀಜವನ್ನು ಸೋಸಿ ವಿಂಗಡಿಸುವ ಘಟಕಗಳು, ಮೆಣಸಿನಕಾಯಿಯನ್ನು ಕಾಪಾಡುವ ಶೈತ್ಯಾಗಾರಗಳು ಇವುಗಳಿಲ್ಲದೆ ಆ ವ್ಯಾಪಾರವು ಒಂದು ದಿನವೂ ನಡೆಯಲಾರದು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿಯಂತೂ ತುಂಗಭದ್ರೆಯ ದಡದ ಮೇಲೆ ಮರದ ತಿರುಳಿನಿಂದ ನಾರನ್ನು ತೆಗೆಯುವ ದೊಡ್ಡ ಉದ್ಯಮವೇ ಇದೆ. ಈ ಯಂತ್ರಗಳೆಲ್ಲವೂ ನಿಲ್ಲದಂತೆ ನೋಡಿಕೊಳ್ಳುವ ಒಬ್ಬ ಮನುಷ್ಯನಿದ್ದಾನೆ. ಅವನನ್ನು ಫಿಟ್ಟರ್ ಎನ್ನುತ್ತಾರೆ, ಮೆಕ್ಯಾನಿಕ್ ಎನ್ನುತ್ತಾರೆ, ಕೆಲವೆಡೆ ಸುಮ್ಮನೆ ಮಿಸ್ತ್ರಿ ಎನ್ನುತ್ತಾರೆ. ಅವನ ಕೆಲಸದ ಹಿಂದಿರುವ ಭೌತಶಾಸ್ತ್ರವನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವುದು ಒಂದು ಕೆಲಸ, ವಿದ್ಯುಚ್ಛಕ್ತಿಯನ್ನು ಉಳಿಸುವುದು ಮತ್ತೊಂದು ಕೆಲಸ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಇದು ಸರಿಯಲ್ಲ. ಶಕ್ತಿಯನ್ನು ಸೃಷ್ಟಿಸಲೂ ಬಾರದು, ನಾಶಮಾಡಲೂ ಬಾರದು ಎಂಬ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಓದಿರುವರಷ್ಟೆ. ಹಾಗಾದರೆ ಯಂತ್ರದಲ್ಲಿ ವ್ಯರ್ಥವಾದ ಶಕ್ತಿಯು ಎಲ್ಲಿಗೆ ಹೋಯಿತು? ಅದು ಎಲ್ಲಿಗೂ ಹೋಗಲಿಲ್ಲ. ಬಹುಪಾಲು ಶಾಖವಾಗಿ, ಅಲ್ಪಸ್ವಲ್ಪ ಸದ್ದಾಗಿ, ನಡುಕವಾಗಿ ಯಂತ್ರದ ಮೈಮೇಲೆಯೇ ಕಾಣಿಸಿಕೊಂಡಿತು. ಎಲ್ಲಿ ಬಿಸಿ ಇರಬಾರದೋ ಅಲ್ಲಿ ಬಿಸಿ ಕಂಡರೆ ಅದು ರೋಗದ ಲಕ್ಷಣವೂ ಹೌದು, ಸೋರಿಹೋಗುತ್ತಿರುವ ಹಣದ ಲೆಕ್ಕವೂ ಹೌದು. ಜಾಣನಾದ ಫಿಟ್ಟರನು ಮಾಡುವುದು ಆ ಶಾಖದ ಜಾಡು ಹಿಡಿಯುವ ಕೆಲಸವನ್ನೇ.

ಮೊದಲು ಹತ್ತಿಯ ಜಿನ್ನನ್ನು ನೋಡೋಣ. ಇದರ ಜೀವಾಳವು ಚರ್ಮದ ಬಿಲ್ಲೆಗಳನ್ನು ಪೋಣಿಸಿ ಮಾಡಿದ ಎರಡು ರೋಲರುಗಳು. ಇವು ಒಂದೊಂದು ಉಕ್ಕಿನ ಅಲಗಿಗೆ ಒತ್ತಿಕೊಂಡು ತಿರುಗುತ್ತ ಅರಳೆಯನ್ನು ಎಳೆದುಕೊಳ್ಳುತ್ತವೆ. ಬೀಜವು ಅಲಗಿನ ಈಚೆಗೇ ಉಳಿದು ಕೆಳಗೆ ಬೀಳುತ್ತದೆ. ರೋಲರನ್ನು ಅಲಗಿಗೆ ಬೇಕಾದುದಕ್ಕಿಂತ ಬಿಗಿಯಾಗಿ ಒತ್ತಿದರೆ ಅರಳೆಯೇನೂ ಹೆಚ್ಚು ಬಾರದು. ಘರ್ಷಣೆ ಮಾತ್ರ ಹೆಚ್ಚುತ್ತದೆ, ಚರ್ಮವು ಸವೆದು ಕರಕಾಗುತ್ತದೆ, ಮೋಟಾರು ಎಳೆದುಕೊಳ್ಳುವ ವಿದ್ಯುತ್ತು ಏರುತ್ತದೆ. ಸಡಿಲಾದ ಬೆಲ್ಟಿನ ಕಥೆಯೂ ಇಂಥದೇ. ಜಾರುವ ಬೆಲ್ಟು ಪುಲ್ಲಿಯನ್ನು ಉಜ್ಜಿ ಉಜ್ಜಿ ಕಾಯಿಸುತ್ತದೆ; ಯಂತ್ರವನ್ನು ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಪುಲ್ಲಿಯ ಹತ್ತಿರಕ್ಕೆ ಕೈ ಒಯ್ದರೆ ಅದು ಗೊತ್ತಾಗುತ್ತದೆ. ಬೇರಿಂಗಿನ ಸ್ಥಿತಿಯನ್ನು ತಿಳಿಯಲು ಹಳೆಯ ಕೆಲಸಗಾರರು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಳ್ಳುತ್ತಾರೆ. ವೈದ್ಯರ ಸ್ಟೆತಸ್ಕೋಪಿನ ಬಡ ಸೋದರನಿದು. ಒಳ್ಳೆಯ ಬೇರಿಂಗು ಒಂದೇ ಸಮನೆ ಗುಂಯ್ಗುಟ್ಟುತ್ತದೆ. ಗುಂಡುಗಳು ಸವೆದಿದ್ದರೆ ಕರಕರ ಸದ್ದು ಕೇಳಿಸುತ್ತದೆ. ಗ್ರೀಸು ಕಡಿಮೆಯಾದರೆ ಬೇರಿಂಗು ಕಾಯುವುದೆಂದು ಎಲ್ಲರೂ ಬಲ್ಲರು. ಗ್ರೀಸು ಅತಿಯಾದರೂ ಅದನ್ನು ಕಲಕಿ ಕಲಕಿ ಕಾಯುವುದೆಂಬುದನ್ನು ಬಲ್ಲವರು ಕಡಿಮೆ.

ವಿದ್ಯುತ್ತಿನ ಸಂದುಗಳಲ್ಲಿ ಇದೇ ಮಾತು ಇನ್ನೂ ಗಂಭೀರವಾದುದು. ತಂತಿಯ ಒಂದು ಸಂದು ಸಡಿಲಾಗಿ ಅಲ್ಲಿ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ರೋಧವು ಹುಟ್ಟಿತೆಂದು ಭಾವಿಸೋಣ. ಅದರ ಮೂಲಕ ೧೦೦ ಆಂಪಿಯರ್ ಪ್ರವಾಹವು ಹರಿಯುವಾಗ ಅಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಎಂದರೆ ೧೦೦ ವಾಟ್. ಬೆರಳಿನ ಗಾತ್ರದ ಆ ಸಂದಿನಲ್ಲಿ ೧೦೦ ವಾಟಿನ ಹಳೆಯ ಬಲ್ಬೊಂದು ಹಗಲಿರುಳು ಉರಿದಂತಾಯಿತು. ಕಾಯ್ದ ಸಂದು ಕಿಲುಬು ಹಿಡಿಯುತ್ತದೆ, ಕಿಲುಬಿನಿಂದ ರೋಧ ಹೆಚ್ಚುತ್ತದೆ, ರೋಧದಿಂದ ಮತ್ತಷ್ಟು ಕಾವು. ಗಾಳಿಯಲ್ಲೆಲ್ಲ ಹತ್ತಿಯ ಎಳೆ ತೇಲುವ ಜಿನ್ನಿನೊಳಗೆ ಇದರ ಕೊನೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಮೋಟಾರಿನ ಸುತ್ತುತಂತಿಗಳ ಹೊದಿಕೆಯು ಪ್ರತಿ ೧೦ ಡಿಗ್ರಿ ಹೆಚ್ಚಿನ ಕಾವಿಗೆ ತನ್ನ ಆಯುಸ್ಸಿನ ಸರಿಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆಂದು ಇಂಜಿನಿಯರುಗಳು ಲೆಕ್ಕ ಹಾಕುವ ವಾಡಿಕೆಯಿದೆ. ಮೂರು ಫೇಸುಗಳಲ್ಲಿ ಒಂದು ಕಡಿದುಹೋದರೆ ಓಡುತ್ತಿರುವ ಮೋಟಾರು ಕೂಡಲೆ ನಿಲ್ಲುವುದಿಲ್ಲ. ಉಳಿದೆರಡು ತಂತಿಗಳಿಂದ ಒಂದೂಮುಕ್ಕಾಲು ಪಟ್ಟಿನಷ್ಟು ಪ್ರವಾಹವನ್ನು ಎಳೆದುಕೊಂಡು, ಗೊರಗುಟ್ಟುತ್ತ ಓಡಿ, ಸುಟ್ಟುಹೋಗುತ್ತದೆ. ಆ ಗೊರಗುಟ್ಟುವಿಕೆಯನ್ನು ಕೇಳಿದೊಡನೆ ಸ್ವಿಚ್ಚಿನ ಕಡೆಗೆ ಓಡುವವನೇ ನಿಜವಾದ ಫಿಟ್ಟರ್.

ಪ್ರಸಂಗವಶಾತ್ ಇನ್ನೊಂದು ಮಾತು. ೧೦೦ ಕಿಲೋವಾಟ್ ಕೆಲಸ ಮಾಡುವ ಗಿರಣಿಯ ಪವರ್ ಫ್ಯಾಕ್ಟರು ೦.೭ ಇದ್ದರೆ ಅದು ತಂತಿಯಿಂದ ಎಳೆಯುವುದು ೧೪೩ ಕಿಲೋವೋಲ್ಟ್ ಆಂಪಿಯರ್, ೦.೯೫ಕ್ಕೆ ಏರಿದರೆ ೧೦೫ ಮಾತ್ರ. ಕಡೆದ ಮಜ್ಜಿಗೆಯ ಗಡಿಗೆಯಲ್ಲಿ ಮೇಲೆ ನೊರೆ ನಿಂತಂತೆ ಇದು: ಕುಡಿಯಲು ದೊರೆಯುವುದು ಮಜ್ಜಿಗೆಯೇ ಆದರೂ ಗಡಿಗೆಯು ನೊರೆಗೂ ಸೇರಿಸಿ ದೊಡ್ಡದಾಗಬೇಕು. ಅಗತ್ಯಕ್ಕಿಂತ ದೊಡ್ಡ ಮೋಟಾರುಗಳು ಅರೆಹೊರೆಯಲ್ಲಿ ಓಡುವಾಗ ನೊರೆ ಹೆಚ್ಚುತ್ತದೆ. ಕೆಪ್ಯಾಸಿಟರುಗಳು ಅದನ್ನು ಇಳಿಸುತ್ತವೆ. ಆದರೆ ಇದರಿಂದ ಮುಖ್ಯವಾಗಿ ಇಳಿಯುವುದು ಬೇಡಿಕೆಯ ಶುಲ್ಕವೇ ಹೊರತು ಯೂನಿಟ್ಟುಗಳ ಲೆಕ್ಕವಲ್ಲ. ಕೆಪ್ಯಾಸಿಟರ್ ಹಾಕಿಸಿದೊಡನೆ ಯೂನಿಟ್ಟು ಅರ್ಧಕ್ಕೆ ಇಳಿಯುವುದೆಂದು ಹೇಳುವ ಮಾರಾಟಗಾರನನ್ನು ನಂಬಬಾರದು.

ಇನ್ನು ನಮ್ಮ ಮುಖ್ಯ ವಿಷಯವಾದ ಬ್ಯಾಡಗಿಗೆ ಬರೋಣ.

ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚಳವು ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಡಬ್ಬಿ, ಕಡ್ಡಿ ಎಂಬ ಅದರ ಎರಡು ಬಗೆಗಳನ್ನೂ, ಸುಕ್ಕುಗಟ್ಟಿದ ಅದರ ಕಡುಗೆಂಪು ಸಿಪ್ಪೆಯನ್ನೂ ನಮ್ಮ ಅಡಿಗೆಮನೆಗಳಲ್ಲಿ ಅರಿಯದವರಿಲ್ಲ. ೨೦೧೧ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಕೆಂಪಿಗೆ ಕಾರಣವಾದ ಕ್ಯಾಪ್ಸಾಂತಿನ್, ಕ್ಯಾಪ್ಸೊರೂಬಿನ್ ಮೊದಲಾದ ವರ್ಣದ್ರವ್ಯಗಳು ಗಜ್ಜರಿಯ ಬಣ್ಣದ ವಂಶಕ್ಕೇ ಸೇರಿದವು. ಗಾಳಿಯಲ್ಲಿನ ಆಮ್ಲಜನಕವೂ ಬೆಳಕೂ ಇವುಗಳ ಶತ್ರುಗಳು. ಕಾವು ಹೆಚ್ಚಿದಷ್ಟೂ ಆ ಶತ್ರುಗಳ ಕೆಲಸ ಚುರುಕಾಗುತ್ತದೆ. ಬೇಸಗೆಯಲ್ಲಿ ತಗಡಿನ ಗೋದಾಮಿನಲ್ಲಿಟ್ಟ ಕಾಯಿಯು ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ; ೪ರಿಂದ ೧೦ ಡಿಗ್ರಿ ಸೆಂಟಿಗ್ರೇಡಿನ ಕತ್ತಲೆಯ ಕೋಣೆಯಲ್ಲಿಟ್ಟರೆ ಮುಂದಿನ ಸುಗ್ಗಿಯವರೆಗೂ ತನ್ನ ಬಣ್ಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಬಣ್ಣವನ್ನು ಹಿಂಡಿ ತೆಗೆಯುವ ಓಲಿಯೊರೆಸಿನ್ ಉದ್ಯಮವು ಬೆಲೆ ಕೊಡುವುದು ಆ ಬಣ್ಣಕ್ಕೆ. ಆದುದರಿಂದ ಬ್ಯಾಡಗಿಯ ಸುತ್ತ ಶೈತ್ಯಾಗಾರಗಳು ಎದ್ದು ನಿಂತಿವೆ.

ಇದರಲ್ಲಿ ರೈತನ ಹಿತವೂ ಅಡಗಿದೆ. ಎಲ್ಲರೂ ಒಮ್ಮೆಗೇ ಮಾಲು ತಂದರೆ ಬೆಲೆ ಕುಸಿಯುತ್ತದೆ. ೨೦೨೪ರ ಮಾರ್ಚ್ ೧೧ರಂದು ಬೆಲೆ ಇಳಿದುದಕ್ಕೆ ಕೆರಳಿದ ಬೆಳೆಗಾರರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದುದೂ, ವಾಹನಗಳು ಬೆಂಕಿಗೆ ಆಹುತಿಯಾದುದೂ ಓದುಗರಿಗೆ ನೆನಪಿರಬಹುದು. ಕಾಯಲು ಸಾಧ್ಯವಿರುವವನು ಚೀಲಗಳನ್ನು ತಂಪಿನಲ್ಲಿಟ್ಟು ಕಾಯುತ್ತಾನೆ. ಆದರೆ ಕಾಯುವುದಕ್ಕೂ ಬಾಡಿಗೆ ಇದೆ, ಆ ಬಾಡಿಗೆಯೊಳಗೆ ವಿದ್ಯುತ್ತಿನ ಖರ್ಚು ಒಂದು ದೊಡ್ಡ ಪಾಲು. ಯಂತ್ರವು ಹೆಚ್ಚು ನುಂಗಿದರೆ ಅದರ ಭಾರ ಕೊನೆಗೆ ಚೀಲದ ಮೇಲೆ ಬೀಳುತ್ತದೆ. ಯಂತ್ರವು ನಿಂತೇಹೋದರೆ ಒಂದು ವರ್ಷದ ಬೆವರು ಬಣ್ಣಗೆಡುತ್ತದೆ.

ಶೈತ್ಯಾಗಾರವು ತಂಪನ್ನು ತಯಾರಿಸುತ್ತದೆಂದು ಹೇಳುವುದು ರೂಢಿ. ನಿಜವಾಗಿ ಅದು ಶಾಖವನ್ನು ಹೊರಹಾಕುವ ಏತ. ಬಾವಿಯ ನೀರನ್ನು ಏತವು ಕೆಳಗಿನಿಂದ ಮೇಲಕ್ಕೆ ಎತ್ತುವಂತೆ, ಇದು ಕಡಿಮೆ ಉಷ್ಣತೆಯ ಕೋಣೆಯಿಂದ ಶಾಖವನ್ನೆತ್ತಿ ಹೆಚ್ಚು ಉಷ್ಣತೆಯ ಹೊರಗಾಳಿಗೆ ಸುರಿಯುತ್ತದೆ. ಈ ಏತದ ಬಾನಿಯು ಅಮೋನಿಯ. ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಎಂಬಾತನು ೧೮೭೬ರಲ್ಲಿ ಅಮೋನಿಯದಿಂದ ಓಡುವ ಶೈತ್ಯಯಂತ್ರವನ್ನು ನಿರ್ಮಿಸಿದನು. ದೊಡ್ಡ ಶೈತ್ಯಾಗಾರಗಳಲ್ಲಿ ಇಂದಿಗೂ ಆ ಅನಿಲಕ್ಕೆ ಸರಿಸಾಟಿ ದೊರೆಯುವುದು ಕಷ್ಟ. ಒಂದು ಕಿಲೋಗ್ರಾಂ ದ್ರವ ಅಮೋನಿಯವು ಸೊನ್ನೆಗಿಂತ ೫ ಡಿಗ್ರಿ ಕೆಳಗೆ ಆವಿಯಾಗುವಾಗ ಸುಮಾರು ೧,೨೮೦ ಕಿಲೋಜೂಲ್ ಶಾಖವನ್ನು ಹೀರುತ್ತದೆ. ಒಂದು ಕಿಲೋಗ್ರಾಂ ಮಂಜುಗಡ್ಡೆಯು ಕರಗುವಾಗ ಹೀರುವುದು ೩೩೪ ಮಾತ್ರ.

ಕೋಣೆಯೊಳಗಿನ ಕೊಳವೆಗಳ ಸುರುಳಿಯಲ್ಲಿ ಅಮೋನಿಯವು ಕುದಿಯುತ್ತದೆ. ಕೆಲಸಗಾರರು ಇದನ್ನು ಕಾಯಿಲು ಎನ್ನುತ್ತಾರೆ. ಹುಟ್ಟಿದ ಆವಿಯನ್ನು ಕಂಪ್ರೆಸರ್ ಎಳೆದುಕೊಂಡು ಒತ್ತುತ್ತದೆ. ಒತ್ತಡವೇರಿದ ಬಿಸಿ ಆವಿಯು ಹೊರಗಿನ ಕಂಡೆನ್ಸರಿನಲ್ಲಿ ನೀರಿಗೂ ಗಾಳಿಗೂ ತನ್ನ ಶಾಖವನ್ನು ಒಪ್ಪಿಸಿ ಮತ್ತೆ ದ್ರವವಾಗುತ್ತದೆ; ಸಣ್ಣ ಕಂಡಿಯುಳ್ಳ ಎಕ್ಸ್‌ಪ್ಯಾನ್ಷನ್ ವಾಲ್ವಿನ ಮೂಲಕ ಹಾಯ್ದು ಒತ್ತಡವಿಳಿದು ಪುನಃ ಕಾಯಿಲಿಗೆ ಬರುತ್ತದೆ. ಒಳಗೆ ಕುದಿಯುವುದು, ಹೊರಗೆ ಹನಿಗಟ್ಟುವುದು: ಇಷ್ಟೇ ಇದರ ಸಂಸಾರ.

ಕುದಿಯುವ ದ್ರವದ ಒತ್ತಡ ಗೊತ್ತಾದರೆ ಅದರ ಉಷ್ಣತೆಯೂ ಗೊತ್ತಾದಂತೆಯೇ. ಅಮೋನಿಯವು ೩.೫ ಬಾರ್ ಒತ್ತಡದಲ್ಲಿ ಕುದಿಯುತ್ತಿದ್ದರೆ ಅದರ ಉಷ್ಣತೆ ಸೊನ್ನೆಗಿಂತ ೫ ಡಿಗ್ರಿ ಕೆಳಗೆ, ೨.೯ ಬಾರಾದರೆ ೧೦ ಡಿಗ್ರಿ ಕೆಳಗೆ. ಹನಿಗಟ್ಟುವ ಕಡೆ ೧೩.೫ ಬಾರ್ ಇದ್ದರೆ ೩೫ ಡಿಗ್ರಿ, ೧೫.೫ ಬಾರ್ ಇದ್ದರೆ ೪೦ ಡಿಗ್ರಿ. (ಗೇಜು ತೋರಿಸುವ ಅಂಕಕ್ಕೆ ವಾತಾವರಣದ ಸುಮಾರು ೧ ಬಾರನ್ನು ಕೂಡಿಸಿ ಈ ಲೆಕ್ಕವನ್ನು ಕೊಟ್ಟಿದೆ.) ಕಂಪ್ರೆಸರಿನ ಮುಂದಿರುವ ಎರಡು ಗೇಜುಗಳಲ್ಲಿ ಒಂದು ಎಳೆತದ ಒತ್ತಡವನ್ನೂ ಮತ್ತೊಂದು ತಳ್ಳುವ ಒತ್ತಡವನ್ನೂ ತೋರಿಸುತ್ತದೆ. ‘ತಮ್ಮಾ, ಮಷಿನ್ ಮುಟ್ಟೂದಕ್ಕ ಮೊದಲ ಎರಡೂ ಮುಳ್ಳ ನೋಡು’ ಎಂದು ಈ ಸೀಮೆಯ ಹಿರಿಯ ಕೆಲಸಗಾರನು ಹೊಸಬನಿಗೆ ಹೇಳಿದರೆ, ಅವನು ಬಾಯಿಂದ ಹೇಳಿದುದು ಭೌತಶಾಸ್ತ್ರದ ಒಂದು ಅಧ್ಯಾಯವನ್ನೇ.

ಆ ಅಧ್ಯಾಯದ ಮೂಲಪುರುಷನು ಫ್ರಾನ್ಸಿನ ಸಾದಿ ಕಾರ್ನೋ. ೧೮೨೪ರಲ್ಲಿ ಅವನು ಪ್ರಕಟಿಸಿದ ವಿಚಾರದಿಂದ ಹುಟ್ಟಿದ ಸೂತ್ರವು ಹೀಗಿದೆ: ಒಂದು ಘಟಕ ಕೆಲಸಕ್ಕೆ ಶೈತ್ಯಯಂತ್ರವು ಹೆಚ್ಚೆಂದರೆ ಎಷ್ಟು ಘಟಕ ಶಾಖವನ್ನು ಎತ್ತಬಲ್ಲದೆಂಬುದನ್ನು ತಿಳಿಯಲು, ತಣ್ಣನೆಯ ಕಡೆಯ ನಿರಪೇಕ್ಷ ಉಷ್ಣತೆಯನ್ನು ಎರಡು ಕಡೆಗಳ ಉಷ್ಣತೆಯ ವ್ಯತ್ಯಾಸದಿಂದ ಭಾಗಿಸಬೇಕು. ಕಾಯಿಲು ಸೊನ್ನೆಗಿಂತ ೫ ಕೆಳಗೆ, ಎಂದರೆ ನಿರಪೇಕ್ಷ ಮಾನದಲ್ಲಿ ೨೬೮. ಕಂಡೆನ್ಸರ್ ೩೫, ಎಂದರೆ ೩೦೮. ವ್ಯತ್ಯಾಸವು ೪೦. ೨೬೮ನ್ನು ೪೦ರಿಂದ ಭಾಗಿಸಿದರೆ ೬.೭. ಈಗ ಕಂಡೆನ್ಸರ್ ಕೊಳಕಾಗಿ ೪೦ಕ್ಕೆ ಏರಿತು, ಕಾಯಿಲು ಹಿಮಗಟ್ಟಿ ಸೊನ್ನೆಗಿಂತ ೧೦ ಕೆಳಗೆ ಇಳಿಯಿತು ಎಂದಿಟ್ಟುಕೊಳ್ಳೋಣ. ೨೬೩ನ್ನು ೫೦ರಿಂದ ಭಾಗಿಸಿದರೆ ೫.೨೬ ಮಾತ್ರ. ಅದೇ ತಂಪಿಗೆ ಶೇಕಡ ೨೭ರಷ್ಟು ಹೆಚ್ಚು ವಿದ್ಯುತ್ತು! ನಿಜವಾದ ಯಂತ್ರವು ಕಾರ್ನೋ ಹಾಕಿದ ಮಿತಿಯನ್ನು ಎಂದೂ ಮುಟ್ಟಲಾರದು, ಆದರೆ ಏರಿಳಿತದ ಪ್ರಮಾಣವು ಸರಿಸುಮಾರು ಇದೇ ಆಗಿರುತ್ತದೆ. ಆರೋಗ್ಯವಾಗಿದ್ದಾಗ ೪೦ ಕಿಲೋವಾಟಿನಂತೆ ದಿನಕ್ಕೆ ೧೪ ಗಂಟೆ ಓಡಿ ೫೬೦ ಯೂನಿಟ್ ನುಂಗುತ್ತಿದ್ದ ಯಂತ್ರವು ಈ ಕಾಯಿಲೆಯಲ್ಲಿ ಸುಮಾರು ೭೧೩ ನುಂಗುತ್ತದೆ. ದಿನಕ್ಕೆ ೧೫೩ ಯೂನಿಟ್ಟಿನಂತೆ ಎಂಟು ತಿಂಗಳಿಗೆ ೩೬,೦೦೦ಕ್ಕೂ ಮೇಲಾಯಿತು. ಏತದ ಮಾತಿನಲ್ಲಿ ಹೇಳುವುದಾದರೆ ಬಾವಿಯು ಆಳವಾಯಿತು, ದಡವು ಎತ್ತರವಾಯಿತು. ಎತ್ತುವ ನೀರು ಮಾತ್ರ ಮೊದಲಿನಷ್ಟೇ.

ಈಗ ರೋಗನಿದಾನಕ್ಕೆ ಕೈಹಾಕೋಣ. ಒಂದು ಶೈತ್ಯಾಗಾರದಲ್ಲಿ ಕಂಪ್ರೆಸರ್ ಮೊದಲು ದಿನಕ್ಕೆ ೧೪ ಗಂಟೆ ಓಡಿದರೆ ಸಾಕಾಗುತ್ತಿತ್ತು. ಈಗ ೧೮ ಗಂಟೆ ಓಡಿದರೂ ಕೋಣೆ ತಣಿಯುತ್ತಿಲ್ಲವೆಂದು ಊಹಿಸೋಣ. ಮಾಲೀಕನಿಗೆ ಕಂಪ್ರೆಸರ್ ಹಳತಾಯಿತು, ಹೊಸದನ್ನು ತರಬೇಕು ಎನ್ನಿಸುವುದು ಸಹಜ. ಲಕ್ಷಾಂತರ ರೂಪಾಯಿಗಳ ಆ ತೀರ್ಮಾನಕ್ಕೆ ಮೊದಲು ಮುಳ್ಳುಗಳನ್ನು ಕೇಳಬೇಕು.

ಎರಡೂ ಮುಳ್ಳುಗಳು ಮೊದಲಿಗಿಂತ ಮೇಲೇರಿದ್ದರೆ ಯಂತ್ರದಲ್ಲಿ ಪ್ರಾಯಶಃ ದೋಷವಿಲ್ಲ, ಹೊರೆಯೇ ಹೆಚ್ಚಾಗಿದೆ. ಬಿಸಿಲಲ್ಲಿ ಒಣಗಿದ ಕಾಯಿಯ ಚೀಲಗಳನ್ನು ಲಾರಿಯಿಂದಿಳಿಸಿ ನೇರವಾಗಿ ಒಳಗೆ ತುಂಬಿದರೆ, ಹಮಾಲರು ಓಡಾಡಲೆಂದು ಬಾಗಿಲನ್ನು ಮಧ್ಯಾಹ್ನವೆಲ್ಲ ತೆರೆದಿಟ್ಟರೆ ಹೀಗಾಗುತ್ತದೆ. ಮಾಲನ್ನು ಬೆಳಗಿನ ಜಾವ ತುಂಬುವುದು, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಬಿಡುವುದು ಇದಕ್ಕೆ ಮದ್ದು. ಗೋಡೆಯನ್ನೂ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಹೊರಗೋಡೆಯ ಒಂದು ಕಡೆ ಮಾತ್ರ ಬೆವರಿನಂತೆ ಹನಿಗಟ್ಟಿದ್ದರೆ ಅಲ್ಲಿ ಒಳಗಿನ ಥರ್ಮೊಕೋಲು ನೀರು ಕುಡಿದಿದೆಯೆಂದು ತಿಳಿಯಬಹುದು. ಥರ್ಮೊಕೋಲಿಗಿಂತ ನೀರು ಸುಮಾರು ೧೭ ಪಟ್ಟು, ಮಂಜುಗಡ್ಡೆಯು ೬೦ ಪಟ್ಟು ಹೆಚ್ಚಾಗಿ ಶಾಖವನ್ನು ದಾಟಿಸುತ್ತವೆ. ಒದ್ದೆಯಾದ ಕಂಬಳಿ ಹೊದ್ದವನ ಪಾಡು ಆ ಗೋಡೆಯದು.

ಎಳೆತದ ಮುಳ್ಳು ಮೇಲೇರಿ ತಳ್ಳುವ ಮುಳ್ಳು ಕೆಳಗಿಳಿದಿದ್ದರೆ ಮಾತ್ರ ಕಂಪ್ರೆಸರಿನ ಮೇಲೆ ಸಂದೇಹ ಪಡಬೇಕು. ಅದರೊಳಗಿನ ತಟ್ಟೆಯಂಥ ಕವಾಟಗಳಲ್ಲಿ ಒಂದು ಮುರಿದಿದ್ದರೆ ಒತ್ತಿದ ಆವಿಯು ಮತ್ತೆ ಹಿಂದಕ್ಕೆ ಸೋರುತ್ತದೆ, ಮತ್ತೆ ಒತ್ತಲ್ಪಡುತ್ತದೆ, ಮತ್ತೆ ಸೋರುತ್ತದೆ. ಮಾಡಿದ ಕೆಲಸವೆಲ್ಲ ಶಾಖವಾಗಿ ಆ ಸಿಲಿಂಡರಿನ ತಲೆಯು ಉಳಿದವುಗಳಿಗಿಂತ ಹೆಚ್ಚು ಕಾಯುತ್ತದೆ. ಇಲ್ಲಿ ಕೈಯನ್ನು ನಂಬಬಾರದು. ತಳ್ಳುವ ಕಡೆಯ ಆವಿಯು ೧೦೦ ಡಿಗ್ರಿಯನ್ನು ಮೀರಿರುವುದು ಸಾಮಾನ್ಯ. ದೂರದಿಂದಲೇ ಉಷ್ಣತೆಯನ್ನು ಅಳೆಯುವ ಇನ್‌ಫ್ರಾರೆಡ್ ಮಾಪಕಗಳು ಈಗ ಸುಲಭವಾಗಿ ದೊರೆಯುತ್ತವೆ. ಹೊಸ ಕಂಪ್ರೆಸರ್ ಬೇಕಿಲ್ಲ, ಒಂದು ಕವಾಟದ ತಟ್ಟೆ ಸಾಕು.

ಎಳೆತದ ಮುಳ್ಳು ಮಾತ್ರ ಇಳಿದಿದ್ದರೆ ಕಾಯಿಲಿಗೆ ಬೇಕಾದಷ್ಟು ಶಾಖವಾಗಲಿ ದ್ರವವಾಗಲಿ ತಲಪುತ್ತಿಲ್ಲ. ಬಾಗಿಲಿನಿಂದ ಬಂದ ತೇವವು ಕೊಳವೆಯ ಮೇಲೆ ಹಿಮವಾಗಿ ಕೂತಿರಬಹುದು. ಆ ಹಿಮವನ್ನು ಹೊರಗೆ ಕಾಣಬಹುದು. ಒಳಗಿನ ಎಣ್ಣೆಯನ್ನು ಕಾಣಲಾಗದು. ಕಂಪ್ರೆಸರಿಗೆ ಹಾಕಿದ ಎಣ್ಣೆಯು ಸ್ವಲ್ಪಸ್ವಲ್ಪವಾಗಿ ಅಮೋನಿಯದೊಡನೆ ಹೊರಟು ಬರುತ್ತದೆ. ಅದು ಅಮೋನಿಯದಲ್ಲಿ ಕರಗದು, ಅದಕ್ಕಿಂತ ಭಾರವಾದುದರಿಂದ ತಳಕ್ಕಿಳಿದು ಕೊಳವೆಯ ಒಳಮೈಗೆ ಅಂಟಿನಂತೆ ಬಳಿದುಕೊಳ್ಳುತ್ತದೆ. ಕಂಪ್ರೆಸರಿಗೆ ಎಷ್ಟು ಎಣ್ಣೆ ಹಾಕಿದೆ, ತಳದ ಪಾತ್ರೆಯಿಂದ ಎಷ್ಟು ಎಣ್ಣೆಯನ್ನು ಹೊರತೆಗೆದಿದೆ ಎಂಬ ಎರಡು ಅಂಕಗಳನ್ನು ವಹಿಯಲ್ಲಿ ಬರೆದಿಟ್ಟವನಿಗೆ ಕಳೆದುಹೋದ ಎಣ್ಣೆ ಎಲ್ಲಿ ಕೂತಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ. ಬರೆದಿಡದವನು ಕಂಪ್ರೆಸರಿಗೆ ಮತ್ತೆ ಎಣ್ಣೆ ಸುರಿಯುತ್ತಾನೆ.

ನಾಲ್ಕನೆಯ ಪ್ರಸಂಗವೇ ಹೆಚ್ಚು ಸ್ವಾರಸ್ಯವಾದುದು. ಎಳೆತದ ಮುಳ್ಳು ಹೆಚ್ಚು ಕಡಿಮೆ ಇದ್ದಲ್ಲಿಯೇ ಇದೆ, ತಳ್ಳುವ ಮುಳ್ಳು ಮಾತ್ರ ೧೫.೫ ಬಾರಿಗೆ ಏರಿ ಕೂತಿದೆ. ದೋಷವು ಕಂಡೆನ್ಸರಿನದು, ಆದರೆ ಯಾವ ದೋಷ? ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣವು ಕೊಳವೆಯ ಮೇಲೆ ಕಟ್ಟಿರಬಹುದು. ಬಚ್ಚಲಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಹೆಕ್ಕಳಿಕೆಯೇ ಇದು. ಉಕ್ಕಿಗಿಂತ ಇಪ್ಪತ್ತು ಮೂವತ್ತು ಪಟ್ಟು ಕಡಿಮೆ ಶಾಖವನ್ನು ಬಿಡುತ್ತದೆ. ನೀರು ಸಿಂಪಡಿಸುವ ನಳಿಕೆಗಳು ಕಟ್ಟಿರಬಹುದು. ಕಂಡೆನ್ಸರಿನ ನೀರು ತಣಿಯುವುದು ಮಣ್ಣಿನ ಗಡಿಗೆಯ ನೀರು ತಣಿಯುವ ಕ್ರಮದಿಂದಲೇ: ಒಂದು ಪಾಲು ಆವಿಯಾಗಿ ಹಾರಿ ಉಳಿದುದನ್ನು ತಂಪುಮಾಡುತ್ತದೆ. ಏಪ್ರಿಲಿನ ಬಿಸಿಲಲ್ಲಿ ಗಾಳಿಯು ೩೭ ಡಿಗ್ರಿ ಇದ್ದರೂ ಒಣಗಾಳಿಯಾದರೆ ಚದರಿ ಬೀಳುವ ನೀರು ೨೬ರ ಆಸುಪಾಸಿಗೆ ಇಳಿಯಬಲ್ಲದು. ಅರ್ಧ ನಳಿಕೆಗಳು ಕಟ್ಟಿದರೆ ಅರ್ಧ ಕೊಳವೆಗಳು ಒಣಗಿ ನಿಲ್ಲುತ್ತವೆ.

ಇವೆರಡೂ ಅಲ್ಲದೆ ಮೂರನೆಯ ಕಳ್ಳನೊಬ್ಬನಿದ್ದಾನೆ. ಅವನೇ ಗಾಳಿ. ದುರಸ್ತಿಗೆಂದು ಕೊಳವೆಯನ್ನು ಬಿಚ್ಚಿದಾಗ, ಎಣ್ಣೆ ತುಂಬಿಸುವಾಗ ಒಳಹೊಕ್ಕ ಗಾಳಿಯು ಅಮೋನಿಯದಂತೆ ಹನಿಗಟ್ಟುವುದಿಲ್ಲ. ಕಂಡೆನ್ಸರಿನಲ್ಲಿ ಸೇರಿಕೊಂಡು ಸುಮ್ಮನೆ ಜಾಗ ಹಿಡಿಯುತ್ತದೆ. ಕಣ್ಣಿಗೆ ಕಾಣದ ಇದನ್ನು ಹಿಡಿಯುವ ಬಗೆಯು ಎಷ್ಟು ಸರಳವೋ ಅಷ್ಟೇ ಸೊಗಸಾದುದು. ಕಂಪ್ರೆಸರನ್ನು ನಿಲ್ಲಿಸಿ, ಕಂಡೆನ್ಸರಿನ ನೀರನ್ನು ಮಾತ್ರ ಹರಿಯಬಿಡಬೇಕು. ಒಳಬರುವ ನೀರೂ ಹೊರಹೋಗುವ ನೀರೂ ಒಂದೇ ಉಷ್ಣತೆಗೆ ಬಂದಾಗ ಒಳಗಿನ ಅಮೋನಿಯವೂ ಅದೇ ಉಷ್ಣತೆಯಲ್ಲಿದೆಯೆಂದರ್ಥ. ಅದು ೩೦ ಡಿಗ್ರಿಯೆನ್ನೋಣ. ಆ ಉಷ್ಣತೆಗೆ ಅಮೋನಿಯದ ಒತ್ತಡವು ಸುಮಾರು ೧೧.೭ ಬಾರ್ ಇರಬೇಕೆಂದು ಕೋಷ್ಟಕವು ಹೇಳುತ್ತದೆ. ಮುಳ್ಳು ೧೩.೨ ತೋರಿಸಿದರೆ ಉಳಿದ ೧.೫ ಬಾರ್ ಯಾರದು? ಮಿಶ್ರಣದ ಒಟ್ಟು ಒತ್ತಡವು ಅದರ ಒಂದೊಂದು ಅನಿಲದ ಪಾಲಿನ ಒತ್ತಡಗಳ ಮೊತ್ತವೆಂದು ಡಾಲ್ಟನ್ನನು ತೋರಿಸಿಕೊಟ್ಟಿದ್ದಾನೆ. ಆ ೧.೫ ಬಾರ್ ಗಾಳಿಯದು. ಮುಳ್ಳು ೧೧.೭ಕ್ಕೇ ಬಂದು ನಿಂತರೆ ಗಾಳಿಯು ನಿರಪರಾಧಿ. ಆಗ ಸುಣ್ಣವನ್ನು ಕೆರೆಯಲು ಕುಳಿತುಕೊಳ್ಳಬಹುದು. ಪರೀಕ್ಷೆಗಾಗಿ ಓದಿ ಮರೆಯುವ ಡಾಲ್ಟನ್ನನ ನಿಯಮವು ಹೀಗೆ ಕಂಡೆನ್ಸರಿನ ಬಳಿ ಅನ್ನಕ್ಕೆ ದಾರಿಯಾಗುತ್ತದೆ.

ಸಿಕ್ಕ ಗಾಳಿಯನ್ನು ಹೊರಗೆ ಬಿಡುವಾಗ ಅದರ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸುತ್ತಾರೆ. ಅಮೋನಿಯವು ನೀರಿನಲ್ಲಿ ತಟಕ್ಕನೆ ಕರಗುತ್ತದೆ, ಗಾಳಿ ಕರಗುವುದಿಲ್ಲ. ಗುಳ್ಳೆಗಳು ಮೇಲಕ್ಕೆ ಬಂದು ಒಡೆಯುತ್ತಿರುವ ತನಕ ಹೊರಬರುತ್ತಿರುವುದು ಗಾಳಿ. ಗುಳ್ಳೆ ಅಡಗಿ ಚಟಪಟ ಸದ್ದು ಹೆಚ್ಚಿದರೆ ಅಮೋನಿಯವೇ ಹೋಗತೊಡಗಿದೆ, ವಾಲ್ವನ್ನು ಮುಚ್ಚಬೇಕು. ಇದು ಪಳಗಿದವರ ಕೆಲಸ; ಮುಖವಾಡ, ಕೈಗವಸುಗಳನ್ನು ಧರಿಸಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಮಾಡತಕ್ಕದ್ದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯವು ೩೦೦ ಪಾಲಾದರೆ ಅಲ್ಲಿ ನಿಲ್ಲುವುದೇ ಪ್ರಾಣಕ್ಕೆ ಅಪಾಯ. ಶೇಕಡ ೧೫ರಿಂದ ೨೮ರ ನಡುವೆ ಬೆರೆತರೆ ಕಿಡಿಗೆ ಹೊತ್ತಿಕೊಳ್ಳಲೂಬಹುದು. ಆದರೆ ಅದಕ್ಕಿಂತ ಎಷ್ಟೋ ಮೊದಲೇ ಮೂಗು ಎಚ್ಚರಿಕೆ ಕೊಡುತ್ತದೆಂಬುದು ಈ ಅನಿಲದ ದೊಡ್ಡ ಉಪಕಾರ. ಸಣ್ಣ ಸೋರಿಕೆಯ ಜಾಗವನ್ನು ಹುಡುಕಲು ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಸಂದುಗಳ ಬಳಿ ಹಿಡಿಯುತ್ತಾರೆ, ಅದು ನೀಲಿಯಾಗುತ್ತದೆ. ಗಂಧಕದ ಬತ್ತಿಯನ್ನು ಉರಿಸಿ ಹಿಡಿಯುವ ಹಳೆಯ ಪದ್ಧತಿಯಲ್ಲಿ ಗಂಧಕದ ಹೊಗೆಯೂ ಅಮೋನಿಯವೂ ಕೂಡಿ ಬೆಳ್ಳಗಿನ ದಟ್ಟ ಧೂಮವೇಳುತ್ತದೆ. ಕಾಗದವು ಇದಕ್ಕಿಂತ ಮೇಲು. ಅನಿಲದ ಬಳಿಗೆ ಬೆಂಕಿಯನ್ನು ಒಯ್ಯುವ ಗೋಜು ಅದರಲ್ಲಿಲ್ಲ. ಶೈತ್ಯಾಗಾರದ ಅಮೋನಿಯದ ಕೊಳವೆಗಳೆಲ್ಲ ಉಕ್ಕಿನವೇ ಏಕೆ, ತಾಮ್ರ ಹಿತ್ತಾಳೆಗಳು ಏಕಿಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ: ತೇವ ಸೇರಿದ ಅಮೋನಿಯವು ತಾಮ್ರವನ್ನು ತಿಂದುಹಾಕುತ್ತದೆ.

ಕೊನೆಯದಾಗಿ ಪಂಖಗಳ ಮಾತು. ಕಾಯಿಲಿನ ಮುಂದೆ ತಿರುಗುವ ಪಂಖವು ಕೋಣೆಯನ್ನು ತಂಪುಮಾಡುತ್ತದೆಂದು ನೋಡುವವರಿಗೆ ಅನ್ನಿಸುತ್ತದೆ. ಅದರ ಮೋಟಾರು ನುಂಗಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಆ ಶಾಖವನ್ನು ಕಂಪ್ರೆಸರ್ ಮತ್ತೆ ಹೊರಗೆತ್ತಬೇಕು. ೧೦ ಕಿಲೋವಾಟಿನ ಪಂಖಗಳಿದ್ದು, ಕಂಪ್ರೆಸರ್ ಒಂದು ಪಾಲು ಕೆಲಸಕ್ಕೆ ನಾಲ್ಕು ಪಾಲು ಶಾಖವನ್ನು 

ಎತ್ತುವಂಥದಾದರೆ, ಪಂಖಗಳ ನಿಜವಾದ ಖರ್ಚು ೧೨.೫ ಕಿಲೋವಾಟ್. ಕೋಣೆಯು ತುಂಬಿ, ಚೀಲಗಳು ತಣಿದ ಮೇಲೆ ಅಷ್ಟು ಗಾಳಿ ಬೇಕಾಗುವುದಿಲ್ಲ. ಪಂಖವು ಬೇಡುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಐದರಲ್ಲಿ ನಾಲ್ಕು ಪಾಲಿಗೆ ಇಳಿಸಿದರೆ ಶಕ್ತಿಯು ೦.೮ ರ ಘನಕ್ಕೆ, ಎಂದರೆ ಶೇಕಡ ೫೧ಕ್ಕೆ ಇಳಿಯುತ್ತದೆ. ಹತ್ತರಲ್ಲಿ ಸುಮಾರು ೫ ಕಿಲೋವಾಟ್ ಪಂಖದಲ್ಲಿ ಉಳಿಯಿತು, ಒಂದೂಕಾಲು ಕಿಲೋವಾಟಿನಷ್ಟು ಕಂಪ್ರೆಸರಿನಲ್ಲಿ ಉಳಿಯಿತು. ಆದರೆ ವೇಗವನ್ನು ಮನಬಂದಂತೆ ಇಳಿಸುವ ಹಾಗಿಲ್ಲ. ಚೀಲಗಳ ಅಟ್ಟಿಯ ನಡುವೆ ಗಾಳಿಯಾಡದೆ ತೇವವು ನಿಂತು, ಅಲ್ಲಿಯ ಆರ್ದ್ರತೆಯು ಶೇಕಡ ೭೦ನ್ನು ದಾಟಿದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಪಂಖವನ್ನು ನಿಧಾನಗೊಳಿಸುವ ಮೊದಲು ಅಟ್ಟಿಯ ಒಳಮೂಲೆಯಲ್ಲಿ ಒಂದು ಉಷ್ಣತಾಮಾಪಕವನ್ನೂ ಒಂದು ಆರ್ದ್ರತಾಮಾಪಕವನ್ನೂ ತೂಗುಹಾಕಿ, ಒಂದು ವಾರದ ಅಂಕಗಳನ್ನು ವಹಿಯಲ್ಲಿ ಬರೆದುಕೊಳ್ಳಬೇಕು.